ಶ್ರೀಮತಿ ಎಕ್ಸ್ ಮತ್ತು ಪಕ್ಕದ ಮನೆಯ ಆಕಾಶ

ಬ್ರಾಕನ್‌ಷಾ,
ಮೇ 14, ಗುರುವಾರ

ತಂಗಿ ಏವ್ರಿಲ್,

ನಿನ್ನಕ್ಕ ಸೋತಳು. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಕೊನೆಯವರೆಗೂ ಕಾದು ನಗುವ ಶ್ರಮ ನಿನಗೆ ಬೇಡ.

ಅರ್ಧ ಕಥೆ ನಿನಗೆ ಗೊತ್ತು. ಪಾರ್ಶ್ವವಾಯು ಬಡಿದ ಮೇಲೆ ನಿನ್ನ ಭಾವ ವಿಲ್ಫ್‌ ಅವರ ಮಂಚ ಕೆಳಗಿನ ಹಿತ್ತಲ ಕೋಣೆಗೆ ಇಳಿಯಿತು. ಶನಿವಾರದ ಪಂದ್ಯದಲ್ಲಿ ತಮ್ಮ ಪಾರಿವಾಳಗಳು ದಕ್ಷಿಣದ ಕಡಲ ತೀರದಿಂದ ಹಾರಿ ಗೂಡಿಗೆ ಮರಳುವುದನ್ನು ಮಲಗಿದಲ್ಲಿಂದಲೇ ನೋಡುತ್ತಿದ್ದರು. ಕಿಟಕಿಯಗಲದ ಆ ಆಕಾಶವೇ ಅವರಿಗೆ ಉಳಿದಿದ್ದ ಆಸ್ತಿ. ಪಕ್ಕದ ಮನೆಯ ಡೆರಿಕ್ ತನ್ನ ಹಿತ್ತಲಲ್ಲಿ ಗಾಜಿನ ಸೂರಿನ ಕೋಣೆ ಎಬ್ಬಿಸಿದ. ಸೂರು ಗಾಜಿನದಾದರೂ ನಮ್ಮ ಕಡೆಯ ಗೋಡೆ ಇಟ್ಟಿಗೆಯದು, ಅದೂ ಅನುಮತಿ ಸಿಕ್ಕಿದ್ದಕ್ಕಿಂತ ಮೊಣಕಾಲೆತ್ತರ ಹೆಚ್ಚು. ಆಸ್ತಿ ಹೋಯಿತು.

ಕಟ್ಟಡಗಳಿಗೆ ಅನುಮತಿ ಕೊಡುವ ಊರಿನ ಕೌನ್ಸಿಲಿಗೆ ಗುಟ್ಟಾಗಿ ದೂರು ಕೊಟ್ಟೆ. ಅಧಿಕಾರಿ ಬಂದ, ಅಳೆದ, ಹೆಚ್ಚಿರುವುದು ನಿಜವೆಂದು ಒಪ್ಪಿದ. ಆದರೆ ಕೆಡವಿಸುವಷ್ಟು ದೊಡ್ಡ ಅಪರಾಧವಲ್ಲವಂತೆ. ಬೆಳಕು ತಪ್ಪಿದ್ದರೆ ಕಾನೂನು ಕೇಳುತ್ತಿತ್ತಂತೆ, ನೋಟ ತಪ್ಪಿದರೆ ಕೇಳುವುದಿಲ್ಲವಂತೆ. ಇನ್ನೊಂದು ನ್ಯಾಯವನ್ನೂ ಕೇಳು: ಕಟ್ಟಿದವನಿಗೆ ಮೇಲ್ಮನವಿಯ ಹಕ್ಕುಂಟು, ಕಂಡು ಕೊರಗುವ ನೆರೆಯವಳಿಗೆ ಇಲ್ಲ.

ಉಳಿದದ್ದು ಒಂಬುಡ್ಸ್‌ಮನ್, ಅಂದರೆ ಕೌನ್ಸಿಲಿನವರ ಕಿವಿ ಹಿಂಡುವ ದೊಡ್ಡವರು. ಅವರಿಗೆ ಪುಟಗಟ್ಟಲೆ ಬರೆದೆ. ವಿಲ್ಫ್, ಮಂಚ, ಪಾರಿವಾಳ, ಕೊನೆಗೆ ನಮ್ಮ ನೀಲಿ ಹೆಣ್ಣು ಪಾರಿವಾಳ ಡಚೆಸ್‌ಳ ವಂಶಾವಳಿಯನ್ನೂ ಬಿಡಲಿಲ್ಲ. ಬಹಳ ಮರ್ಯಾದೆಯ ಉತ್ತರ ಬಂತು. ಕೌನ್ಸಿಲಿನ ತೀರ್ಮಾನ ಸರಿಯೋ ತಪ್ಪೋ ಎಂದು ಅವರು ಹೇಳುವಂತಿಲ್ಲ, ತೀರ್ಮಾನಿಸಿದ ಕ್ರಮದಲ್ಲಿ ದೋಷವಿದೆಯೇ ಎಂದಷ್ಟೇ ನೋಡುತ್ತಾರೆ. ಅಧಿಕಾರಿ ಬಂದಿದ್ದಾನೆ, ನೋಡಿದ್ದಾನೆ, ಕಾರಣ ಬರೆದಿಟ್ಟಿದ್ದಾನೆ. ದೋಷವಿಲ್ಲ. ಅಂದರೆ ಇವರು ಅಡುಗೆಯ ರುಚಿ ನೋಡುವವರಲ್ಲ ಕಣೇ, ಅಡುಗೆಯವನು ಕೈ ತೊಳೆದಿದ್ದನೋ ಎಂದು ವಿಚಾರಿಸುವವರು. ತೊಳೆದಿದ್ದ. ಅಡುಗೆ ಕರಕಲಾಗಿದ್ದರೆ ಅದು ನನ್ನ ಬಾಯಿಯ ಪಾಡು.

ಇಷ್ಟಕ್ಕೇ ನಿಂತಿದ್ದರೆ ಹಾಯಾಗಿ ಡೆರಿಕ್‌ನನ್ನು ಶಪಿಸಿಕೊಂಡು ಇರುತ್ತಿದ್ದೆ. ಆ ಪುಣ್ಯಾತ್ಮ ಅದಕ್ಕೂ ಕಲ್ಲು ಹಾಕಿದ. ಒಂದು ಶುಕ್ರವಾರ ಕರಿದ ಮೀನಿನ ಪೊಟ್ಟಣ ಹಿಡಿದು ಬಂದವನೇ, "ಏನಕ್ಕಾ, ಅಣ್ಣನ್ನ ಗೋಡೆ ನೋಡ್ಕೊಂಡು ಮಲಗ್ಸಿದ್ದೀರಲ್ಲ. ನಾಳೆ ನಮ್ಮ ಕೋಣೆಗೆ ಕರ್ಕೊಂಡು ಬನ್ನಿ, ಮೇಲೆಲ್ಲ ಆಕಾಶ" ಅಂದ. ನಾನು ಶೀತ, ಗಾಳಿ, ಡಾಕ್ಟರು ಎಂದು ನೆಪ ಹುಡುಕುವಷ್ಟರಲ್ಲಿ ನಿನ್ನ ಭಾವನ ಸ್ವಾಧೀನವಿದ್ದ ಕೈ ಟೋಪಿಗೆ ಹೋಗಿತ್ತು.

ಮರುದಿನ ಡಚೆಸ್ ಚುಕ್ಕೆಯಷ್ಟಿರುವಾಗಲೇ ಅವರ ಕಣ್ಣಿಗೆ ಬಿದ್ದಳು. "ಬಂದ್ಲು" ಅಂದರು. ಅಷ್ಟೇ. ಈಚೆಗೆ ಅಷ್ಟು ಸ್ಪಷ್ಟವಾಗಿ ಅವರು ಏನನ್ನೂ ಅಂದಿರಲಿಲ್ಲ.

ಈಗ ಪ್ರತಿ ಶನಿವಾರ ನಾನು ಕೆಡವಿಸಲು ಹೊರಟಿದ್ದ ಕೋಣೆಯಲ್ಲೇ ನಮ್ಮ ಬಿಡಾರ. ಕಳೆದ ವಾರ ಡೆರಿಕ್ ಚಹಾ ಬಗ್ಗಿಸುತ್ತಾ, "ಯಾವನೋ ಮನೆಹಾಳ ನನ್ನ ಮೇಲೆ ಕೌನ್ಸಿಲಿಗೆ ಚಾಡಿ ಹೇಳಿದಾನೆ. ಗೊತ್ತಾಗ್ಲಿ, ಜನ್ಮದಲ್ಲಿ ಅವ್ನನ್ನ ಈ ಹೊಸಿಲು ತುಳಿಸಲ್ಲ" ಅಂದ. ನಾನು ಇನ್ನೊಂದು ಚಮಚ ಸಕ್ಕರೆ ಕೇಳಿದೆ. ನಾನು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ನಿನಗೆ ಗೊತ್ತಲ್ಲ.

ಬಾಯಿ ಕಟ್ಟಿಸಿಕೊಂಡ ನಿನ್ನ ಅಕ್ಕ,
ಗ್ಲೆನಿಸ್

ಮರೆತಿದ್ದೆ: ಒಂಬುಡ್ಸ್‌ಮನ್ ತಮ್ಮ ತೀರ್ಮಾನಗಳನ್ನು ಎಲ್ಲರೂ ಓದಲೆಂದು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಹೆಸರು ಮುಚ್ಚಿ, ನನ್ನನ್ನು ಶ್ರೀಮತಿ ಎಕ್ಸ್ ಎಂದು ಕರೆದಿದ್ದಾರೆ, ಆದರೆ ಪಾರಿವಾಳದ ಮಾತು ಹಾಗೇ ಉಳಿದಿದೆ. ಗುರುತು ಸಿಗುವಂಥದ್ದೇನಾದರೂ ಇದ್ದರೆ ತಿಳಿಸಿ ಎಂದು ಕೇಳಿದ್ದರು. ನಮ್ಮ ಡಚೆಸ್ ನಾಲ್ಕು ಜನರಿಗೆ ತಿಳಿಯಲಿ ಎಂಬ ಜಂಬದಲ್ಲಿ ಸುಮ್ಮನಿದ್ದೆ. ತಿಳಿಸುವ ಗಡುವು ಮುಗಿದಿದೆ, ಇನ್ನೇನು ಅದು ಪ್ರಕಟವಾಗುತ್ತದೆ. ನಮ್ಮ ಬೀದಿಯಲ್ಲಿ ಪಾರಿವಾಳದ ಗೂಡಿರುವುದು ಒಂದೇ ಮನೆಗೆ. ಅದಕ್ಕೇ, ನಾನೇ ಮೊದಲು ಹೋಗಿ ಡೆರಿಕ್‌ಗೆ ಹೇಳಿಬಿಡುತ್ತೇನೆ ಎಂದು ವಿಲ್ಫ್‌ಗೆ ಹೇಳಿದೆ. ಅವರು ಗೋಡೆಯನ್ನೇ ನೋಡುತ್ತಾ, "ಶನಿವಾರ ಕಳೀಲಿ" ಅಂದರು. ಕಳೆದ ವಾರವೂ ಹಾಗೇ ಅಂದಿದ್ದರು.