ಕುರ್ಚಿ ಒಳಗೆ, ಅಕ್ಕ ಹೊರಗೆ

ಮಾನ್ಯ ಸರ್ಕಾರಿ ವಕೀಲರೇ,

ಕಳೆದ ಗುರುವಾರ ನನ್ನ ಅಕ್ಕನ ಮೊಕದ್ದಮೆಯನ್ನು ನೀವು ಆರೋಪಿಯ ಜೊತೆ ಕೂತು ಮಾತಾಡಿ ಮುಗಿಸಿದಿರಿ. ಅಕ್ಕ ನಿಮ್ಮ ಬಾಗಿಲಾಚೆಯ ಪಡಸಾಲೆಯಲ್ಲೇ ಇದ್ದಳು. ಅವಳನ್ನು ಕರೆಯಲಿಲ್ಲ. ಅವಳು ಕೂತಿದ್ದ ಕುರ್ಚಿಯನ್ನು ಮಾತ್ರ ಕರೆಸಿಕೊಂಡಿರಿ. ಸಾಹಿತ್ಯ ಓದಿದ ಹುಡುಗಿ ಅಲಂಕಾರ ಸೇರಿಸುತ್ತಿದ್ದಾಳೆ ಅಂದುಕೊಳ್ಳಬೇಡಿ. ನಿಮ್ಮ ಗುಮಾಸ್ತರು ನಿಜವಾಗಿಯೂ ಬಂದು ಅದನ್ನು ಎತ್ತಿಕೊಂಡು ಹೋದರು.

ಈ ಬಹಿರಂಗ ಪತ್ರ ಓದುತ್ತಿರುವ ಉಳಿದವರಿಗಾಗಿ ಸ್ವಲ್ಪ ಹಿನ್ನೆಲೆ. ಅಕ್ಕ ಉಡುಪು ಕಾರ್ಖಾನೆಯೊಂದರಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಹೊಲಿಯುವವರು ದಾರದ ಉಂಡೆ ಕದ್ದೊಯ್ಯುತ್ತಾರೆ ಎಂಬ ಗುಮಾನಿ ಮಾಲೀಕರಿಗೆ. ಅದಕ್ಕೇ ಕೆಲಸದ ಹೊತ್ತಿನಲ್ಲಿ ಹಿಂಬಾಗಿಲಿಗೆ ಬೀಗ. ಒಂದು ಮಧ್ಯಾಹ್ನ ಮುಂದಿನ ಮೆಟ್ಟಿಲ ಕೆಳಗೆ ಬೆಂಕಿ ಹತ್ತಿತು. ಬೀಗದ ಕೈ ಮಾಲೀಕರ ಜೇಬಿನಲ್ಲಿತ್ತು, ಮಾಲೀಕರು ಊಟಕ್ಕೆ ಹೋಗಿದ್ದರು. ಅಕ್ಕ ಮೊದಲ ಮಹಡಿಯ ಕಿಟಕಿಯಿಂದ ಹಾರಿ ಸೊಂಟದ ಮೂಳೆ ಮುರಿದುಕೊಂಡಳು. ದಾರದ ಒಂದು ಉಂಡೆಯೂ ಹೊರಗೆ ಹೋಗಲಿಲ್ಲವಂತೆ. ಮಾಲೀಕರಿಗೆ ಅಭಿನಂದನೆಗಳು.

ನ್ಯಾಯಾಲಯದಲ್ಲಿ ಅಕ್ಕ ಹೇಳಬೇಕಾದ ಮಾತನ್ನು ಮೊದಲು ನಾನು ಬರೆದುಕೊಟ್ಟೆ. ಮೊದಲ ಸಾಲಿನಲ್ಲೇ 'ಬೆಂಕಿಯ ಕೆನ್ನಾಲಿಗೆ' ಇತ್ತು.

"ಇದ್ಯಾರ ನಾಲಿಗೆ?" ಅಂದಳು ಅಕ್ಕ. "ತೆಗಿಯೇ ಅದನ್ನ. ಬಾಗಿಲು ತಳ್ಳಿದೆ, ತೆರೀಲಿಲ್ಲ ಅಂತ ಬರಿ. ಅಷ್ಟೇ ಅಲ್ವಾ ಆಗಿದ್ದು?"

ಆಮೇಲೆ ಅಡುಗೆಮನೆಯಲ್ಲಿ ದಿನವೂ ಅಭ್ಯಾಸ. ಅಮ್ಮ ಸೌಟು ಹಿಡಿದ ನ್ಯಾಯಾಧೀಶೆ. "ಗಟ್ಟಿಯಾಗಿ ಹೇಳೇ! ಒಲೆ ಹತ್ರ ಇರೋ ನನಗೇ ಕೇಳ್ತಿಲ್ಲ, ಅಷ್ಟು ಎತ್ತರದಲ್ಲಿ ಕೂತೋರಿಗೇನು ಕೇಳುತ್ತೆ?"

ಇನ್ನು ಗುರುವಾರದ ವಿಷಯ. ಪಡಸಾಲೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅಕ್ಕ, ಪಕ್ಕದಲ್ಲಿ ಅವಳ ಊರುಗೋಲು ಹಿಡಿದು ನಾನು. ಮಾಲೀಕರು ತಮ್ಮ ವಕೀಲರ ದಂಡಿನೊಂದಿಗೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗುಮಾಸ್ತರು ತಲೆ ಹೊರಹಾಕಿದರು.

"ಅಮ್ಮಾ, ಆ ಕುರ್ಚಿ ಸ್ವಲ್ಪ ಬೇಕಿತ್ತು. ಒಳಗೆ ಒಂದು ಕಮ್ಮಿ ಬಿದ್ದಿದೆ."

ಅವರ ಮಾತು ಮುಗಿಯುವ ಮೊದಲೇ ಅಕ್ಕ ಎದ್ದು ನಿಂತಿದ್ದಳು. ಅವಳ ಕಾರ್ಖಾನೆಯಲ್ಲಿ ಹಾಗೆ ಪದ್ಧತಿ, ಮೇಲ್ವಿಚಾರಕರು ಹತ್ತಿರ ಬಂದರೆ ಹೊಲಿಗೆ ನಿಲ್ಲಿಸಿ ಏಳಬೇಕು. ಸೊಂಟ ಮುರಿದರೂ ಅಭ್ಯಾಸ ಮುರಿದಿಲ್ಲ.

"ಯಾಕಕ್ಕಾ ಕೊಟ್ಟೆ?" ಎಂದು ಪಿಸುಗುಟ್ಟಿದೆ.

"ಸುಮ್ನಿರೇ. ಒಳಗೆ ಕುರ್ಚಿ ಕಮ್ಮಿ ಇದೆ ಅಂದ್ರೆ ಇನ್ನೊಬ್ರನ್ನ ಕರೀತಾರೆ ಅಂತಲ್ವಾ? ನನಗೇ ಹಾಕ್ತಿರ್ಬೇಕು."

ಹಾಗೆಂದವಳೇ ಕೂದಲು ಸರಿಮಾಡಿಕೊಂಡು, ಬಾಗಿಲು ನೋಡುತ್ತಾ ಗೋಡೆಗೆ ಒರಗಿ ನಿಂತಳು. ಆ ಗೋಡೆಯ ಮೇಲೆ ನಿಮ್ಮದೇ ಕಚೇರಿಯ ಫಲಕವಿದೆ: ಯಾವುದೇ ಒಪ್ಪಂದಕ್ಕೆ ಮುನ್ನ ನೊಂದವರಿಗೆ ತಿಳಿಸಲಾಗುವುದು, ಅವರ ಮಾತನ್ನು ಆಲಿಸಲಾಗುವುದು. ಅಕ್ಕನ ತಲೆ ಅಡ್ಡ ಇದ್ದದ್ದರಿಂದ ನಿಮಗೆ ಅದು ಕಾಣಲಿಲ್ಲವೇನೋ.

ಬಾಗಿಲು ತೆರೆದಾಗ ಮಾಲೀಕರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದು, "ಹುಷಾರಾಗಿದ್ದೀರಾ?" ಎಂದು ವಿಚಾರಿಸಿದರು. ಹಿಂದೆಯೇ ನೀವು. "ಎಲ್ಲಾ ಸುಸೂತ್ರವಾಗಿ ಮುಗೀತಮ್ಮ. ಇನ್ನು ನೀವು ಹೊರಡಬಹುದು."

"ನಾನು ಹೇಳೋದಿತ್ತು, ಸರ್," ಅಂದಳು ಅಕ್ಕ.

"ಅದರ ಅಗತ್ಯ ಬೀಳಲಿಲ್ಲ. ಎಲ್ಲರ ಸಮಯವೂ ಉಳೀತು."

ಎಲ್ಲರ ಎಂದರೆ ಯಾರದು, ಮಾನ್ಯರೇ? ಜೈಲಿನಲ್ಲಿ ಕಳೆಯಬೇಕಿದ್ದ ಸಮಯ ಉಳಿದದ್ದು ಒಬ್ಬರಿಗೆ ಮಾತ್ರ. ಒಪ್ಪಂದವೇ ಮಹಾಪಾಪ ಎಂದು ನಾನು ವಾದಿಸುತ್ತಿಲ್ಲ. ಎಷ್ಟೋ ಪ್ರಕರಣಗಳು ಹಾಗೆ ಮುಗಿಯುತ್ತವೆ, ಮುಗಿಯಲಿ. ಆದರೆ ಗುಮಾಸ್ತರು ತೋರಿಸಿದ ನಿಮ್ಮ ಒಪ್ಪಂದದಲ್ಲಿ ಬೀಗ ಎಂಬ ಮಾತೇ ಇಲ್ಲ. 'ಬಾಗಿಲಿನ ನಿರ್ವಹಣೆಯಲ್ಲಿ ಲೋಪ' ಎಂದಿದೆ, ತಿರುಗಣಿಗೆ ಎಣ್ಣೆ ಬಿಡುವುದು ಮರೆತುಹೋದ ಹಾಗೆ! ನಾಳೆ ಜೇಬುಗಳ್ಳನೊಬ್ಬ ತಪ್ಪೊಪ್ಪಿಕೊಂಡರೆ 'ಪರರ ಜೇಬಿನ ನಿರ್ವಹಣೆಯಲ್ಲಿ ಲೋಪ' ಎಂದು ಬರೆದುಕೊಳ್ಳುತ್ತೀರಾ? ಅವನಿಗೂ ಕುರ್ಚಿ ಹುಡುಕಿಸುತ್ತೀರಾ? ಶಿಕ್ಷೆಯಂತೂ ಇನ್ನೂ ಸೊಗಸು: ಒಂದಿಷ್ಟು ದಂಡ, ಜೊತೆಗೆ ಶಾಲೆಗಳಲ್ಲಿ ಸುರಕ್ಷತೆಯ ಬಗ್ಗೆ ಭಾಷಣ. ಏನು ಹೇಳಿಕೊಡುತ್ತಾರೆ? ಮಕ್ಕಳೇ, ಬೆಂಕಿ ಬಿದ್ದಾಗ ಗಾಬರಿಯಾಗದೆ ಊಟಕ್ಕೆ ಹೋಗಿರಿ ಎಂದೇ?

ನ್ಯಾಯಾಧೀಶರು ಈ ಒಪ್ಪಂದಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಸೋಮವಾರ ನೋಡುತ್ತಾರಂತೆ. ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಅದಕ್ಕೆ ಮುನ್ನ ಅಕ್ಕನನ್ನು ಒಳಗೆ ಕರೆಯಿರಿ. ಅವಳ ಮಾತು ಪೂರ್ತಿ ಕೇಳಿಸಿಕೊಳ್ಳಿ, ಅದು ಒಂದು ಲೋಟ ಕಾಫಿ ಆರುವಷ್ಟೂ ಉದ್ದವಿಲ್ಲ. ಬೀಗವನ್ನು ಬೀಗ ಎಂದೇ ಬರೆಯಿರಿ. ಆಮೇಲೂ ಇದೇ ಒಪ್ಪಂದ ಸರಿ ಅನ್ನಿಸಿದರೆ, ಅವಳ ಮುಖ ನೋಡಿಕೊಂಡು ಹಾಗೆ ಹೇಳಿ.

ಕುರ್ಚಿಯ ಚಿಂತೆ ನಿಮಗೆ ಬೇಡ. ಸೋಮವಾರ ಮನೆಯಿಂದಲೇ ಒಂದು ತರುತ್ತೇವೆ. ಒಳಗೆ ಕಮ್ಮಿ ಬಿದ್ದರೆ ಗುಮಾಸ್ತರು ಸಂಕೋಚವಿಲ್ಲದೆ ಕೇಳಲಿ, ಖಂಡಿತ ಕೊಡುತ್ತೇವೆ. ಆದರೆ ಈ ಸಲ ಅಕ್ಕ ಏಳುವುದಿಲ್ಲ ಎಂದಿದ್ದಾಳೆ, ಎತ್ತಿಕೊಂಡು ಹೋಗಲು ಇಬ್ಬರನ್ನು ಕಳಿಸಿ.

ಇಂತಿ,
ಎದುರಿಗೆ ಬಂದರೆ ಮಾತು ಹೊರಡದೆ, ಎಲ್ಲರೆದುರು ಬರೆಯಬೇಕಾಗಿ ಬಂದ
ಊರುಗೋಲು ಹಿಡಿದು ನಿಂತಿದ್ದ ತಂಗಿ