ಪರದೆ ಎಳೆದ ತಪ್ಪಿಗೆ ಮನೆಗೆ ಬೀಗ

ಮಾನ್ಯ ಮೇಯರ್ ಸಾಹೇಬರೇ,

ಇದೇ ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಗೆ ಮೂರು ತಿಂಗಳ ಕಾಲ ಬೀಗ ಹಾಕಿಸುವುದಾಗಿ ತಾವು ಪತ್ರ ಬರೆದಿದ್ದೀರಿ. ಪತ್ರ ಒಂಬತ್ತು ಪುಟ ಇದೆ. ಅಪರಾಧ ಮಾತ್ರ ಒಂದೇ ಸಾಲಿನದು: ನಮ್ಮ ಮುಂದಿನ ಕೋಣೆಯಲ್ಲಿ ಒಂದು ಗಾಂಜಾ ಗಿಡ ಇತ್ತು, ಅದರ ಮೇಲೆ ಒಂದು ಎಲ್‌ಇಡಿ ದೀಪ ಉರಿಯುತ್ತಿತ್ತು. ಆ ಕೋಣೆಯಲ್ಲಿ ಇನ್ನೂ ಒಂದು ವಸ್ತು ಇದೆ. ಒಂಬತ್ತು ಪುಟಗಳಲ್ಲಿ ಯಾರೂ ಅದನ್ನು ನಮೂದಿಸಿಲ್ಲವಾದ್ದರಿಂದ ನಾನೇ ತಿಳಿಸುತ್ತೇನೆ. ಅದು ನನ್ನ ಗಂಡ ಹಾರ್ಮ್‌ನ ಮಂಚ, ಅದರ ಮೇಲೆ ಹಾರ್ಮ್ ಮಲಗಿದ್ದಾನೆ. ಬೀಗ ಹಾಕುವ ಮೊದಲು ಅವನನ್ನು ಎಲ್ಲಿಗೆ ಸಾಗಿಸಬೇಕೆಂದು ಹುಡುಕಿ ಹುಡುಕಿ ಓದಿದೆ. 'ನಿವಾಸಿಗಳು ಬದಲಿ ವಸತಿಯನ್ನು ತಾವೇ ನೋಡಿಕೊಳ್ಳತಕ್ಕದ್ದು' ಎಂದು ಏಳನೇ ಪುಟದಲ್ಲಿ ಇದೆ. ಹಾರ್ಮ್ ಹನ್ನೊಂದು ವರ್ಷದಿಂದ ತನ್ನ ಕಾಲುಗಳನ್ನೇ ತಾನು ನೋಡಿಕೊಳ್ಳಲಾಗದ ಮನುಷ್ಯ.

ತಮ್ಮ ಕಾನೂನನ್ನು ನಾನು ಶ್ರದ್ಧೆಯಿಂದ ಓದಿಕೊಂಡಿದ್ದೇನೆ. ನಮ್ಮ ದೇಶದಲ್ಲಿ ಗಾಂಜಾ ಬೆಳೆಯುವಂತಿಲ್ಲ. ಆದರೆ ಐದು ಗಿಡದವರೆಗೆ ಸರ್ಕಾರ ಕಂಡೂ ಕಾಣದಂತೆ ಇರುತ್ತದೆ. ಒಪ್ಪಿಗೆ ಕೊಡುವುದಿಲ್ಲ, ಸುಮ್ಮನೆ ಬೇರೆ ಕಡೆ ನೋಡುತ್ತದೆ. ಇಡೀ ದೇಶ ಐವತ್ತು ವರ್ಷದಿಂದ ಕತ್ತು ಹೊರಳಿಸಿಕೊಂಡೇ ನಡೆದಾಡುತ್ತಿದೆ, ಯಾರಿಗೂ ಕತ್ತು ಉಳುಕಿಲ್ಲ. ಊರಿನ ಎರಡು ಕಾಫಿಶಾಪುಗಳಿಗೆ ಮುಂಬಾಗಿಲಲ್ಲಿ ಗಾಂಜಾ ಮಾರಲು ತಾವೇ ಅನುಮತಿ ಕೊಟ್ಟಿದ್ದೀರಿ. ಅದೇ ಗಾಂಜಾ ಹಿಂಬಾಗಿಲಿಂದ ಹೇಗೆ ಒಳಗೆ ಬಂತೆಂದು ಕೇಳುವುದು ಅಸಭ್ಯತೆ. ಹಾಗಿರುವಾಗ ಹಿತ್ತಲಿನಲ್ಲಿ ಐದು ಗಿಡ ನೆಟ್ಟವಳು ಗೃಹಿಣಿ. ಒಳಗೆ ಒಂದೇ ಗಿಡ ಇಟ್ಟು ಮೇಲೆ ದೀಪ ಹಾಕಿದವಳು 'ವೃತ್ತಿಪರ ಬೆಳೆಗಾರ್ತಿ'. ಸೂರ್ಯನ ಬೆಳಕಿನಲ್ಲಿ ಬೆಳೆದರೆ ಹವ್ಯಾಸ, ಕರೆಂಟಿನ ಬೆಳಕಿನಲ್ಲಿ ಬೆಳೆದರೆ ದಂಧೆ. ಸದಾ ಮೋಡ ಕವಿದ ನಮ್ಮ ಡ್ರೆಂಟೆಯಂಥ ಪ್ರಾಂತ್ಯದಲ್ಲಿ ಕೂತು ಈ ನಿಯಮ ಬರೆದವರು ಯಾರೋ ಕಾಣೆ. ಸೂರ್ಯನನ್ನು ಅವರು ಎಲ್ಲಿ ನೋಡಿದ್ದರು? ರಜೆಗೆ ಸ್ಪೇನಿಗೆ ಹೋದಾಗಲೇ?

ನಮ್ಮ ಹಿತ್ತಲಿನ ಗಿಡಗಳ ಗತಿ ಕೇಳಿ. ಸೆಪ್ಟೆಂಬರ್ ಮಳೆ ಹಿಡಿದರೆ ಮೊಗ್ಗಿಗೆ ಬೂಷ್ಟು ಬರುತ್ತದೆ. ಐದರಲ್ಲಿ ಮೂರನ್ನು ಕಿತ್ತು ಗೊಬ್ಬರದ ತೊಟ್ಟಿಗೆ ಹಾಕುತ್ತೇನೆ. ಉಳಿದ ಎರಡರಲ್ಲಿ ಹಾರ್ಮ್‌ಗೆಂದು ಮಾಡಿದ ಎಣ್ಣೆ ಜನವರಿಗೆ ಮುಗಿಯುತ್ತದೆ. ಹಾರ್ಮ್‌ನ ಸೆಳೆತಕ್ಕೆ ಜನವರಿ, ಫೆಬ್ರವರಿ ಗೊತ್ತಾಗುವುದಿಲ್ಲ. ಅವನು ಇಪ್ಪತ್ತೇಳು ವರ್ಷ ಹಳ್ಳಿಗಳ ನಡುವೆ ಬಸ್ ಓಡಿಸಿದವನು. ನರದ ಕಾಯಿಲೆ ಬಂದ ಮೇಲೆ ಮೊದಲು ಕ್ಲಚ್ ಬಿಟ್ಟ, ಆಮೇಲೆ ಮೆಟ್ಟಿಲು ಬಿಟ್ಟ, ಈಗ ಮಂಚ ಒಂದು ಉಳಿದಿದೆ. ಸೆಳೆತ ಬಂದಾಗ ಕಾಲು ಹಲಗೆಯಂತೆ ಸೆಟೆದುಕೊಳ್ಳುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಇಂಥ ಎಣ್ಣೆ ಔಷಧಿ ಅಂಗಡಿಯಲ್ಲೇ ಸಿಗುವುದಿಲ್ಲವೇ ಎಂದು ತಮ್ಮ ಕಚೇರಿಯವರು ಕೇಳಿದರು. ಸಿಗುತ್ತದೆ. ಎರಡು ವರ್ಷ ಕೊಟ್ಟು ನೋಡಿದೆವು. ಆ ಹನಿ ಹಾಕಿಕೊಂಡರೆ ದಿನವಿಡೀ ನಿದ್ದೆ. "ಸಾಯೋಕ್ ಮುಂಚೆನೇ ನನ್ನನ್ನ ಎತ್ತಿಟ್ಟುಬಿಟ್ರಲ್ಲೇ" ಎಂದು ಹಾರ್ಮ್ ಒಂದು ದಿನ ಅತ್ತ. ಮನೆಯ ಎಣ್ಣೆಯಲ್ಲಿ ಸೆಳೆತವೂ ನಿಲ್ಲುತ್ತದೆ, ಅವನೂ ಎಚ್ಚರ ಇರುತ್ತಾನೆ, ಜಗಳವಾಡುತ್ತಾನೆ. ಅವನು ಜಗಳವಾಡುವುದು ನನಗೆ ಬೇಕು.

ಇನ್ನು ಆ ದೀಪದ ವಿಚಾರ. ಊರಾಚೆಯ ಟೊಮೆಟೊ ಗಾಜಿನಮನೆಗಳಲ್ಲಿ ನಾನು ಮೂವತ್ತೊಂದು ವರ್ಷ ದುಡಿದೆ. ಮೂರು ವರ್ಷದ ಹಿಂದೆ ಅಲ್ಲಿ ಹೊಸ ಎಲ್‌ಇಡಿ ದೀಪಗಳನ್ನು ಹಾಕಿದಾಗ ರಿಬ್ಬನ್ ಕತ್ತರಿಸಲು ಯಾರು ಬಂದಿದ್ದರು, ನೆನಪಿದೆಯೇ? ಕೊರಳಲ್ಲಿ ಅಧಿಕಾರದ ಸರಪಳಿ ಹಾಕಿಕೊಂಡು ತಾವೇ ಬಂದಿದ್ದಿರಿ. "ಈ ಬೆಳಕು ನಮ್ಮ ಊರಿನ ನಾಳೆ" ಎಂದಿರಿ. ಎರಡನೇ ಸಾಲಿನಲ್ಲಿ ನಿಂತು ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬಳು. ಆ ನಾಳೆ ಈಗ ಪ್ರತಿ ಚಳಿಗಾಲ ಮೋಡವನ್ನೆಲ್ಲ ಗುಲಾಬಿ ಮಾಡುತ್ತದೆ, ಡಿಸೆಂಬರಿನಲ್ಲಿ ಹಕ್ಕಿಗಳು ತಲೆಕೆಟ್ಟು ಹಾಡುತ್ತವೆ, ಯಾರೂ ದೂರು ಕೊಡುವುದಿಲ್ಲ. ನಾನು ನಿವೃತ್ತಳಾದ ದಿನ ಜೊತೆಯವರು ಹೂಗುಚ್ಛ ಕೊಡಲಿಲ್ಲ. ಮೂವತ್ತೊಂದು ವರ್ಷ ಗಿಡದ ಜೊತೆಗಿದ್ದವಳಿಗೆ ಹೂವು ಯಾಕೆ ಎಂದು ಅದೇ ಜಾತಿಯ ಒಂದು ದೀಪ ಕೊಟ್ಟರು. ಹಿಂಬದಿಯಲ್ಲಿ ಹದಿನೇಳು ಜನ ಮಾರ್ಕರ್ ಪೆನ್ನಿನಲ್ಲಿ ಸಹಿ ಹಾಕಿದ್ದರು. ಜಪ್ತಿಯ ಪಟ್ಟಿಯಲ್ಲಿ ತಮ್ಮವರು ಬರೆದದ್ದನ್ನು ಓದಿ ನಾನು ನಗಬೇಕೋ ಅಳಬೇಕೋ ತಿಳಿಯದೆ ಕೂತೆ: 'ದೀಪ ಒಂದು. ಹಿಂಬದಿಯಲ್ಲಿ ಹದಿನೇಳು ಹೆಸರು. ಸಂಘಟಿತ ಜಾಲದ ಶಂಕೆ.' ಆ ಜಾಲದ ನಾಯಕಿ ಕ್ಯಾಂಟೀನಿನಲ್ಲಿ ಬಟಾಣಿ ಸೂಪು ಬಡಿಸುವವಳು, ಸ್ವಾಮಿ. ಬೇಗ ಹಿಡಿಯಿರಿ, ತಪ್ಪಿಸಿಕೊಂಡಾಳು.

ದೀಪವನ್ನು ನಾನು ಅಟ್ಟದಲ್ಲಿ ಬಚ್ಚಿಡಲಿಲ್ಲ. ಮುಂದಿನ ಕೋಣೆಯಲ್ಲಿ, ಬೀದಿಗೆ ತೆರೆದ ದೊಡ್ಡ ಕಿಟಕಿಯ ಪಕ್ಕ, ಹಾರ್ಮ್‌ನ ಮಂಚದ ತಲೆಯ ಬಳಿ ಇಟ್ಟೆ. ನಮ್ಮ ಬೀದಿಯಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ಎದುರು ಮನೆಯವರು ಏನು ತಿನ್ನುತ್ತಿದ್ದಾರೆ, ಅವರ ಟಿವಿಯಲ್ಲಿ ಏನು ಓಡುತ್ತಿದೆ, ಯಾರು ಯಾರ ಜೊತೆ ಮುನಿಸಿಕೊಂಡಿದ್ದಾರೆ, ಎಲ್ಲ ಎಲ್ಲರಿಗೂ ಕಾಣುತ್ತದೆ. ಕಂಡದ್ದನ್ನು ಯಾರೂ ನೋಡುವುದಿಲ್ಲ. ನನ್ನಮ್ಮ ಕಲಿಸಿದ್ದೂ ಅದನ್ನೇ, ಮುಚ್ಚುಮರೆ ಇಲ್ಲದವರ ಕಿಟಕಿಗೆ ಬಟ್ಟೆ ಬೇಡ ಎಂದು. ನವೆಂಬರಿನಿಂದ ಜನವರಿಯವರೆಗೆ ಸಂಜೆ ನಾಲ್ಕೂವರೆಗೆ ಕತ್ತಲಾದೊಡನೆ ನಮ್ಮ ಕಿಟಕಿ ನೇರಳೆ ಬಣ್ಣದಲ್ಲಿ ಬೆಳಗುತ್ತಿತ್ತು. ನಾಯಿ ಕರೆದುಕೊಂಡು ಹೋಗುವವರು ಹಾರ್ಮ್‌ಗೆ ಕೈ ಬೀಸುತ್ತಿದ್ದರು, ಅವನು ಹುಬ್ಬು ಎತ್ತುತ್ತಿದ್ದ.

ತಮ್ಮ ಬೀಟ್ ಪೊಲೀಸ್ ವೀಬೆ ಕೂಡ ಡಿಸೆಂಬರಿನಲ್ಲಿ ಒಮ್ಮೆ ಬಂದಿದ್ದ. ಕದ್ದ ಸೈಕಲ್ಲಿನ ವಿಚಾರ ಕೇಳಲು ಬಂದವನು ಒಳಗೆ ಕೂತು ಕಾಫಿ ಕುಡಿದ. ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಟ್ಟೆ, ನಮ್ಮ ಕಡೆ ಮರ್ಯಾದಸ್ಥರ ಮನೆಯಲ್ಲಿ ಹೇಗೋ ಹಾಗೆ. ಅವನು ಗಿಡ ನೋಡಿದ, ದೀಪ ನೋಡಿದ, ಆಮೇಲೆ ಕಾಫಿ ಲೋಟ ನೋಡಿದ.

"ಚೆನ್ನಾಗ್ ಬಂದಿದೆ, ನಿಮ್ಮ... ಗಿಡ."

"ಟೊಮೆಟೊ ಕಣಯ್ಯ," ಎಂದ ಹಾರ್ಮ್ ಮಂಚದಿಂದಲೇ. "ಹಣ್ಣು ಬಿಡೋದ್ ಸ್ವಲ್ಪ ತಡ."

"ನಮ್ಮಜ್ಜಿ ಮನೇಲೂ ಇಂಥದೇ ಟೊಮೆಟೊ ಇತ್ತು," ಎಂದು ಹೇಳಿ ವೀಬೆ ಎದ್ದು ಹೋದ.

ನಮ್ಮ ದೇಶದ ಆಡಳಿತ ಇಷ್ಟು ಚೆಂದ ನಡೆಯುತ್ತಿತ್ತು, ಮೇಯರ್ ಸಾಹೇಬರೇ. ಕೆಡಿಸಿದ್ದು ನಾನು. ನಾನು ಮಾಡಿದ ತಪ್ಪನ್ನು ತಮ್ಮ ಒಂಬತ್ತು ಪುಟ ಬರೆದವರು ಗುರುತಿಸಿಯೇ ಇಲ್ಲ, ಆದ್ದರಿಂದ ಇಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ನಾನು ಪರದೆ ಎಳೆದೆ.

ಎದುರು ಮನೆಯ ಫೆನ್ನಾ ಮೂವತ್ತು ವರ್ಷದ ಗೆಳತಿ. ಜನವರಿಯ ಒಂದು ಮಧ್ಯಾಹ್ನ ಬಂದಳು, ಕೋಟು ಬಿಚ್ಚದೆ ನಿಂತೇ ಹೇಳಿದಳು.

"ಬೇಜಾರ್ ಮಾಡ್ಕೋಬೇಡ ಕಣೇ. ನಿನ್ನ ಆ ದೀಪ ನಮ್ಮ ಗೋಡೆ ಮೇಲೆ ಕೆಂಪಗೆ ಬೀಳತ್ತೆ. ನನ್ನ ತಂಗಿ ಬಂದೋಳು, ಏನೇ ಫೆನ್ನಾ, ಈ ವಯಸ್ಸಲ್ಲಿ ಎಂಥಾ ವ್ಯಾಪಾರ ಶುರು ಮಾಡಿದ್ದೀಯ, ಕೆಂಪು ದೀಪ ಹಾಕ್ಕೊಂಡು ಅಂತಾಳೆ!"

ಹಾರ್ಮ್ ಎಷ್ಟು ನಕ್ಕನೆಂದರೆ ಕೆಮ್ಮು ಹತ್ತಿತು. "ಗಿರಾಕಿ ಬಂದ್ರೆ ಇತ್ಲಾಗ್ ಕಳ್ಸು, ನಾನ್ ಮಲಗೇ ಇದ್ದೀನಿ!"

ಫೆನ್ನಾಳ ಮಾತು ನ್ಯಾಯವಾದದ್ದೇ. ಮರುದಿನ ದಪ್ಪ ಬೂದು ಬಟ್ಟೆಯ ಪರದೆ ತಂದು ನೇತುಹಾಕಿ, ದೀಪ ಹೊತ್ತಿಕೊಳ್ಳುವ ಮೊದಲೇ ಎಳೆದುಬಿಟ್ಟೆ. ನೆರೆಯವಳ ಮೇಲಿನ ಮರ್ಯಾದೆಗೆ ಮಾಡಿದ ಕೆಲಸ. ಎರಡೂವರೆ ತಿಂಗಳು ಬಟಾಬಯಲಲ್ಲಿ ಇದ್ದ ಗಿಡದ ಬಗ್ಗೆ ಚಕಾರ ಎತ್ತದ ಬೀದಿ, ಒಂದು ಪರದೆ ಕಂಡು ಬೆಚ್ಚಿಬಿತ್ತು. ನಾಯಿಯವರು ನಿಂತು ನಿಂತು ನೋಡಿದರು. ಅಂಚೆಯವಳು "ಹಾರ್ಮ್ ಹೋಗ್ಬಿಟ್ರಾ?" ಎಂದು ಪಿಸುಗುಟ್ಟಿ ಕೇಳಿದಳು. ಐದನೇ ದಿನಕ್ಕೆ ಯಾರೋ ಹೆಸರು ಹೇಳದವರು ತಮ್ಮ ದೂರಿನ ನಂಬರಿಗೆ ಫೋನ್ ಮಾಡಿದರು. ದೂರಿನ ಪ್ರತಿ ನನ್ನ ಬಳಿ ಇದೆ. ಅದರಲ್ಲಿ ಗಾಂಜಾ ಎಂಬ ಪದವೇ ಇಲ್ಲ. 'ಪರದೆ ಮುಚ್ಚಿದ್ದಾರೆ, ಏನೋ ನಡೆಯುತ್ತಿದೆ' ಎಂದಿದೆ. ತಮ್ಮವರು ಆರು ಜನ ಬಂದರು, ಹಿಂದೆ ವೀಬೆ ನೆಲ ನೋಡುತ್ತಾ ನಿಂತಿದ್ದ. ತೆರೆದಿಟ್ಟಾಗ ಕಾಣದ ಗಿಡ ಮುಚ್ಚಿಟ್ಟಾಗ ಕಂಡಿತು.

ಫೆನ್ನಾ ಅಂದು ಸಂಜೆ ಅಳುತ್ತಾ ಬಂದಳು. "ನಾನಲ್ಲ ಕಣೇ, ದೇವರಾಣೆ ನಾನಲ್ಲ." ಅವಳಲ್ಲ ಎಂದು ನನಗೆ ಗೊತ್ತು. ಆದರೂ ಈಗ ಬೀದಿಯಲ್ಲಿ ಯಾರಿಗೆ ನಮಸ್ಕಾರ ಹೇಳುವಾಗಲೂ ಇವರೇ ಇರಬಹುದೇ ಎಂದು ಒಂದು ಕ್ಷಣ ಅನ್ನಿಸುತ್ತದೆ. ಮೂವತ್ತು ವರ್ಷದಲ್ಲಿ ಹೀಗೆ ಅನ್ನಿಸಿರಲಿಲ್ಲ.

ಬೀಗ ಹಾಕುವ ಮೊದಲು ನನ್ನ ಅಹವಾಲು ಕೇಳಬೇಕೆಂದು ನಿಯಮ ಇದೆಯಂತೆ. ಹೋದೆ. ತಮ್ಮ ಕಾನೂನು ವಿಭಾಗದ ಅಧಿಕಾರಿ ಬಹಳ ವಿನಯವಂತ. ನೀರು ಕೊಟ್ಟ, ಒಂದು ಪಟ್ಟಿ ಮುಂದಿಟ್ಟುಕೊಂಡ. ವೃತ್ತಿಪರತೆಯನ್ನು ಅಳೆಯುವ ಪಟ್ಟಿ ಅದು, ಎರಡು ಗುರುತು ಬಿದ್ದರೆ ಸಾಕಂತೆ.

"ದೀಪ ಇತ್ತಾ?"

"ಇತ್ತು, ನೀವೇ ತಗೊಂಡು ಹೋಗಿದ್ದೀರಿ."

"ಗಾಳಿಗೆ ಫ್ಯಾನ್?"

"ಇದೆ. ನನ್ನ ಗಂಡನಿಗೆ ಸೆಳೆತ ಬಂದಾಗ ಮೈಯೆಲ್ಲ ಬೆವರತ್ತೆ."

"ಒಟ್ನಲ್ಲಿ ಫ್ಯಾನ್ ಇದೆ." ಗುರುತು ಹಾಕಿದ. "ಟೈಮರ್?"

"ಅದು ಮೊದಲು ಕ್ರಿಸ್ಮಸ್ ನಕ್ಷತ್ರಕ್ಕೆ ಹಾಕಿದ್ದಿದ್ದು."

"ಟೈಮರ್ ಇದೆ. ಬೆಳೆಯೋದರಲ್ಲಿ ವಿಶೇಷ ಪರಿಣತಿ ಏನಾದ್ರೂ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಮೂವತ್ತೊಂದು ವರ್ಷದ ಕೆಲಸದ ಬಗ್ಗೆ ಯಾರಾದರೂ ಕೇಳಿ ಬಹಳ ದಿನ ಆಗಿತ್ತು. "ಇಲ್ದೆ ಏನು? ಎಲೆ ಮುಟ್ಟಿ ನೋಡಿದ್ರೆ ಸಾಕು, ಗಿಡಕ್ಕೆ ಏನು ಬೇಕು ಅಂತ ಹೇಳ್ತೀನಿ. ನಿಮ್ಮ ಮೇಜಿನ ಮೇಲಿರೋ ಆ ಗಿಡಕ್ಕೆ ನೀರು ಜಾಸ್ತಿ ಆಗಿದೆ, ಬೇರು ಕೊಳೀತಾ ಇದೆ."

ಅವನು ಗಾಬರಿಯಿಂದ ಕುಂಡದೊಳಗೆ ಬೆರಳಿಟ್ಟು ನೋಡಿದ, ಹೌದೆಂದು ತಲೆಯಾಡಿಸಿದ, ಬೆರಳು ಒರೆಸಿಕೊಂಡ, 'ಪರಿಣತಿ ಇದೆ' ಎಂದು ಗುರುತು ಹಾಕಿದ. ನಾಲ್ಕಕ್ಕೆ ನಾಲ್ಕು. ಶಾಲೆಯಲ್ಲೂ ನಾನು ಇಷ್ಟು ಅಂಕ ತೆಗೆದವಳಲ್ಲ.

"ನನ್ನ ಗಂಡನಿಗೆ ಆ ಪಟ್ಟಿಯಲ್ಲಿ ಜಾಗ ಇಲ್ವಾ?" ಎಂದು ಕೇಳಿದೆ. ಅವನು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. "ಇಲ್ಲ ಮೇಡಂ," ಎಂದ. ಪಾಪ, ನಿಜವಾಗಿಯೂ ಹುಡುಕಿದ.

ಈಗ ನನಗೆ ತಿಳಿಸಿ, ಸಾಹೇಬರೇ, ಈ ಬೀಗದಿಂದ ಯಾರನ್ನು ಯಾರಿಂದ ಕಾಪಾಡುತ್ತಿದ್ದೀರಿ? ಗಿಡವನ್ನು ಕಿತ್ತು ಒಯ್ದಿದ್ದೀರಿ. ದೀಪ ತಮ್ಮ ಉಗ್ರಾಣದಲ್ಲಿದೆ. 'ಕಟ್ಟಡಕ್ಕೆ ಬರುವ ಗಿರಾಕಿಗಳ ದಾರಿಯನ್ನು ತಪ್ಪಿಸುವುದು' ಮುಚ್ಚುವಿಕೆಯ ಉದ್ದೇಶ ಎಂದು ಐದನೇ ಪುಟ ಹೇಳುತ್ತದೆ. ನಮ್ಮಲ್ಲಿಗೆ ಬರುವ ಗಿರಾಕಿಗಳು ಇಬ್ಬರು: ಬೆಳಿಗ್ಗೆ ಹಾರ್ಮ್‌ಗೆ ಸ್ನಾನ ಮಾಡಿಸುವ ನರ್ಸ್, ಗುರುವಾರ ಅವನ ಕಾಲು ಮಡಿಸಿ ಚಾಚಿಸುವ ಮತ್ತೊಬ್ಬಳು. ಇಬ್ಬರಿಗೂ ದಾರಿ ತಪ್ಪುತ್ತದೆ, ಧನ್ಯವಾದ. ಪತ್ರ ಓದಿ ಹೇಳಿದಾಗ ಹಾರ್ಮ್ ಕೇಳಿದ, "ಗಿಡಾನೇ ಇಲ್ದಿರೋ ಮನೆಗೆ ಮೂರು ತಿಂಗಳು ಬೀಗ ಹಾಕಿ ಏನ್ ಕಾಯ್ತಾರಂತೆ? ನನ್ ಮಂಚಾನಾ?" ನಗಿಸಲು ಹೇಳಿದ ಮಾತು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಆರೈಕೆ ಮನೆಗೆ ಕಳ್ಸಿದ್ರೆ ನಾನು ವಾಪಸ್ ಬರಲ್ಲ, ಅಲ್ವಾ?" ಎಂದ. ಆರೈಕೆ ಮನೆಗಳಲ್ಲಿ ವಿಚಾರಿಸಿದ್ದೇನೆ. ಕಾಯುವವರ ಪಟ್ಟಿ ಎಂಟು ತಿಂಗಳಿನದು. ತಮ್ಮ ಬೀಗಕ್ಕೆ ಉಳಿದಿರುವುದು ಎಂಟು ದಿನ.

ಹಾರ್ಮ್‌ಗೆ ಎಣ್ಣೆ ನಿಂತು ಮೂರು ವಾರ ಆಯಿತು. ಸೆಳೆತ ದಿನಕ್ಕೆ ಆರೇಳು ಸಲ ಬರುತ್ತಿದೆ. ಇದನ್ನು ಕರುಣೆ ಬೇಡಲು ಬರೆಯುತ್ತಿಲ್ಲ. ನನಗೆ ಸಿಟ್ಟು ಬಂದಿದೆ. ನನ್ನ ಒತ್ತಾಯ ಇಷ್ಟು: ಆದೇಶವನ್ನು ಹಿಂತೆಗೆದುಕೊಳ್ಳಿ. ದಂಡ ಹಾಕುವುದಿದ್ದರೆ ನನಗೆ ಹಾಕಿ, ಜೈಲಾದರೂ ನನಗೇ ಆಗಲಿ. ಮನೆ ಬಿಟ್ಟುಬಿಡಿ, ಅದು ಏನೂ ಬೆಳೆದಿಲ್ಲ.

ಹಿಂತೆಗೆದುಕೊಳ್ಳಲು ಆಗದಿದ್ದರೆ ಇಪ್ಪತ್ತೆರಡರಂದು ಬೀಗದವನೊಬ್ಬನನ್ನೇ ಕಳಿಸಬೇಡಿ, ತಾವೂ ಬನ್ನಿ. ಹಾರ್ಮ್‌ನನ್ನು ಎತ್ತಲು ನಾಲ್ಕು ಜನ ಬೇಕು. ನಾನಿದ್ದೇನೆ, ಫೆನ್ನಾ ಬರುತ್ತಾಳೆ, ವೀಬೆ ಅಂದು ರಜೆ ಹಾಕಿ ಬರುತ್ತೇನೆ ಎಂದಿದ್ದಾನೆ. ನಾಲ್ಕನೆಯವರು ತಾವು. ಕೋಟು ಬಿಚ್ಚಿಟ್ಟು ಅವನ ಎಡಗಾಲು ಹಿಡಿದುಕೊಳ್ಳಿ, ಮೊಣಕಾಲಿನ ಕೆಳಗೆ, ಎರಡೂ ಕೈಯಲ್ಲಿ. ನಡುವೆ ಸೆಳೆತ ಬರುತ್ತದೆ, ಅವನು ಕೂಗುತ್ತಾನೆ. ಬಿಡಬೇಡಿ, ಬಿಟ್ಟರೆ ಬೀಳುತ್ತಾನೆ. ಬಾಗಿಲವರೆಗೆ ಹನ್ನೊಂದು ಹೆಜ್ಜೆ. ಹೊಸ್ತಿಲು ದಾಟಿ ಬೀದಿಗೆ ಬಂದ ಮೇಲೆ ನಾವು ಮೂವರೂ ತಮ್ಮ ಮುಖ ನೋಡುತ್ತೇವೆ. ಯಾವ ಕಡೆಗೆ ತಿರುಗಬೇಕೆಂದು ತಾವೇ ಹೇಳಬೇಕು.

ಇಂತಿ,
ಇನ್ನು ಎಂಟು ದಿನ ಇದೇ ವಿಳಾಸದಲ್ಲಿ ಸಿಗುವ,
ಯಾಂಟೀನ್ ವೋಲ್ಟ್‌ಹೌಸ್
(ತಮ್ಮ ದಾಖಲೆಯ ಪ್ರಕಾರ, ವೃತ್ತಿಪರ ಬೆಳೆಗಾರ್ತಿ)