ಅಪ್ಪನ ಕಣ್ಣಿನ ಪಟ್ಟಿ

ಅಕ್ಟೋಬರ್ ೧೪, ಶುಕ್ರವಾರ

ಅಪ್ಪನ ಪೊರೆ ತೆಗೆದ ಕಣ್ಣಿನ ಪಟ್ಟಿ ಬಿಚ್ಚಿಸಲು ಇವತ್ತು ನಾನೇ ಅವರನ್ನು ಲ್ಯಾಂಕಾಸ್ಟರ್‌ನ ಆಸ್ಪತ್ರೆಗೆ ಕರೆದೊಯ್ದೆ. ನಾನು ತರಗತಿಯಲ್ಲಿ ಜೀವವಿಕಾಸ ಕಲಿಸುವುದನ್ನು ಪಾದ್ರಿಯಾದ ಅವರು ಶಾಲಾ ಮಂಡಳಿಯ ಸಭೆಯಲ್ಲಿ ಖಂಡಿಸಿದ ಮೇಲೆ, ಮೂರು ತಿಂಗಳಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ದಾರಿಯುದ್ದಕ್ಕೂ ರೇಡಿಯೋ ಒಂದೇ ಮಾತಾಡಿತು.

ಪಟ್ಟಿ ಬಿಚ್ಚಿದ್ದೇ ತಡ, ಅಪ್ಪ ಕಿಟಕಿಯಾಚೆಯ ಕೆಂಪು ಮೇಪಲ್ ಮರ ನೋಡಿ, “ಲೊರೆಟ್ಟಾ, ಇಂಥಾ ಕಣ್ಣು ತಾನಾಗೇ ಆಯ್ತು ಅಂತೀಯಲ್ಲೇ!” ಎಂದರು.

“ದೇವ್ರು ಅಷ್ಟು ಚೆನ್ನಾಗಿ ಮಾಡಿದ್ರೆ ರಿಪೇರಿ ಯಾಕೆ ಬೇಕಾಯ್ತಪ್ಪಾ?” ಎಂದೆ.

“ರಿಪೇರಿ ಮಾಡೋನನ್ನೂ ಅವನೇ ಮಾಡಿದಾನೆ ಕಣೇ!”

ಡಾಕ್ಟರೂ ನಕ್ಕರು. ನಗುತ್ತಲೇ ಅಪ್ಪ ನನ್ನನ್ನು ದಿಟ್ಟಿಸಿದರು. “ನಿನ್ನ ತಲೆ ಯಾವಾಗ ನರೀತೇ?”

ಮನೆ ಬಾಗಿಲಲ್ಲಿ ಕಾರಿನಿಂದ ಇಳಿಯುವಾಗ ಅಪ್ಪ ನನ್ನ ಜೀವಶಾಸ್ತ್ರದ ಪಠ್ಯಪುಸ್ತಕ ಕೇಳಿದರು. “ಕೊಡು. ಇನ್ಮೇಲೆ ಬೈಯೋದಿದ್ರೆ ಓದೇ ಬೈತೀನಿ.”

ಕೊಟ್ಟೆ. ಈಗ ಇದನ್ನು ಬರೆಯುತ್ತಾ ಒಬ್ಬಳೇ ನಗುತ್ತಿದ್ದೇನೆ.